ಕೊನೆಯ ವರ್ಷದ ಪ್ರಾಜೆಕ್ಟ್: ಪೆಟ್ಟಿಗೆಯೋ, ಪ್ರಶ್ನೆಯೋ?

ಇಂಜಿನಿಯರಿಂಗ್ ಪದವಿಯ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಾಜೆಕ್ಟ್ ಮಾಡಬೇಕು. ಪಠ್ಯಕ್ರಮಗಳು ಹಲವು ಬಾರಿ ಬದಲಾಗಿವೆ, ಅಂಕಗಳ ಹಂಚಿಕೆಯೂ ಬದಲಾಗಿದೆ. ಈ ಕಡ್ಡಾಯ ಮಾತ್ರ ಉಳಿದುಕೊಂಡು ಬಂದಿದೆ. ಮೂರು ವರ್ಷ ಕಲಿತದ್ದನ್ನು ಒಂದು ನಿಜವಾದ ಸಮಸ್ಯೆಗೆ ಅನ್ವಯಿಸಿ ನೋಡಲಿ ಎಂಬುದು ಇದರ ಹಿಂದಿನ ಉದ್ದೇಶ. ಉದ್ದೇಶ ಒಳ್ಳೆಯದು. ಆದರೆ ನಮ್ಮ ಕಾಲೇಜುಗಳಲ್ಲಿ ನಡೆಯುತ್ತಿರುವುದು ಏನು? ಈ ಲೇಖನದಲ್ಲಿ ವಿದ್ಯಾರ್ಥಿಗಳನ್ನು ದೂರುವುದು ನನ್ನ ಗುರಿಯಲ್ಲ. ತಪ್ಪಿನಲ್ಲಿ ದೊಡ್ಡ ಪಾಲು ಅಧ್ಯಾಪಕರಾದ, ತೀರ್ಪುಗಾರರಾದ ನಮ್ಮದು. ಅದಕ್ಕೆ ನನ್ನದೇ ತಪ್ಪೊಂದನ್ನು ಉದಾಹರಣೆಯಾಗಿ ಕೊಡುತ್ತೇನೆ.

ಎರಡು ತಂಡಗಳು

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕಾಲೇಜಿನಲ್ಲಿ ಪ್ರಾಜೆಕ್ಟ್‌ಗಳ ಮೌಲ್ಯಮಾಪನಕ್ಕೆ ನನ್ನನ್ನೂ ಕರೆದಿದ್ದರು. ಅಲ್ಲಿ ನಾವು ಕೊಡುವ ಅಂಕಗಳು ವಿದ್ಯಾರ್ಥಿಗಳ ಆಂತರಿಕ ಅಂಕಗಳಿಗೆ ಸೇರುತ್ತಿದ್ದವು.

ಮೊದಲ ತಂಡದ ಮೇಜಿನ ಮೇಲೆ ಪಾರದರ್ಶಕ ಮುಚ್ಚಳದ ಅಂದವಾದ ಪೆಟ್ಟಿಗೆಯೊಂದಿತ್ತು. ಕುಂಡದ ಮಣ್ಣಿನಲ್ಲಿ ಸಂವೇದಕವನ್ನು ಚುಚ್ಚಿದರೆ ತೇವಾಂಶ ಶೇಕಡಾ ಇಷ್ಟು ಎಂದು ಪರದೆಯ ಮೇಲೆ ಮೂಡುತ್ತಿತ್ತು. ಅದು 40ಕ್ಕಿಂತ ಕೆಳಗಿಳಿದರೆ ಪುಟ್ಟ ಪಂಪು ತಾನಾಗಿ ನೀರು ಹಾಯಿಸುತ್ತಿತ್ತು. ಈ 40 ಎಂದರೆ ಏನು, ಮಣ್ಣಿನ ತೂಕದ ಶೇಕಡಾ 40 ನೀರೇ ಅಥವಾ ಗಾತ್ರದ ಶೇಕಡಾ 40ರಷ್ಟೇ ಎಂದು ನಾನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಮಣ್ಣನ್ನು ತೂಗಿ, 105 ಡಿಗ್ರಿಯ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ ನೋಡಿದ್ದೀರಾ ಎಂದೆ. ಇಲ್ಲ. ನಮ್ಮ ಎರೆಮಣ್ಣಿನಲ್ಲೂ ಮಸಾರಿ ಮಣ್ಣಿನಲ್ಲೂ ಈ ಅಂಕಿಗೆ ಒಂದೇ ಅರ್ಥ ಇರಲಾರದಲ್ಲವೇ ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆಟ್ಟಿಗೆಯನ್ನು ಅವರು ಕೊಂಡು ತಂದಿದ್ದರು ಎಂಬುದು ಆಮೇಲೆ ತಿಳಿಯಿತು. ಆದರೂ ಪಂಪು ಓಡುತ್ತಿತ್ತು, ಪರದೆ ಬೆಳಗುತ್ತಿತ್ತು. ನಾವು ಒಳ್ಳೆಯ ಅಂಕ ಕೊಟ್ಟೆವು.

ಎರಡನೆಯದು ಅಮೀನಗಡ, ಐಹೊಳೆ ಕಡೆಯ ಹಳ್ಳಿಗಳಿಂದ ಬಂದಿದ್ದ ನಾಲ್ವರ ತಂಡ. ಐಹೊಳೆಯ ಗುಡಿಗಳ ಮರಳುಗಲ್ಲು ಹಗಲಿನ ಬಿಸಿಲಿಗೂ ರಾತ್ರಿಯ ತಂಪಿಗೂ ಹೇಗೆ ಸ್ಪಂದಿಸುತ್ತದೆ ಎಂಬುದು ಅವರ ವಿಷಯ. ಸಂರಕ್ಷಿತ ಸ್ಮಾರಕದ ಗೋಡೆಗೆ ಅನುಮತಿಯಿಲ್ಲದೆ ಏನನ್ನೂ ಅಂಟಿಸುವಂತಿಲ್ಲ. ಆದ್ದರಿಂದ ತಮ್ಮೂರಿನ ಮನೆಯೊಂದರ ಮುಂದಿನ ಕಲ್ಲುಕಟ್ಟೆಯನ್ನು ಆರಿಸಿಕೊಂಡಿದ್ದರು. ಒಂದು ಸಂವೇದಕ ಕಟ್ಟೆಯ ಮೇಲ್ಮೈಯಲ್ಲಿ, ಇನ್ನೊಂದು ಕಲ್ಲುಗಳ ಸಂದಿನಲ್ಲಿ ಸುಮಾರು ಒಂದಡಿ ಆಳದಲ್ಲಿ. ಒಂದು ವಾರ ಗಂಟೆಗೊಮ್ಮೆ ಉಷ್ಣತೆಯನ್ನು ಬರೆದುಕೊಂಡಿದ್ದರು. ಮೇಜಿನ ಮೇಲೆ ತೋರಿಸಲು ಎರಡು ವಯರು, ಒಂದು ನೋಟುಬುಕ್ಕು, ಅಷ್ಟೇ.

ಮೇಲಿನ ಸಂವೇದಕ ಮಧ್ಯಾಹ್ನ ಎರಡರ ಸುಮಾರಿಗೆ ಅತಿ ಹೆಚ್ಚಿನ ಉಷ್ಣತೆ ತೋರಿಸಿತ್ತು. ಒಳಗಿನದು ರಾತ್ರಿ ಒಂಬತ್ತರ ಸುಮಾರಿಗೆ! ಅದರ ಏರಿಳಿತವೂ ತೀರಾ ಕಡಿಮೆ. ತಂಡದ ಹುಡುಗಿಯೊಬ್ಬಳು ತಲೆ ತಗ್ಗಿಸಿ, "ಒಳಗಿನ ರೀಡಿಂಗ್ ತಪ್ಪು ಬಂದಾವ್ರಿ ಸರ್, ಸೆನ್ಸರ್ ಕೆಟ್ಟಿರಬೇಕು" ಎಂದಳು. ವರದಿಯ ಕೊನೆಯ ಅಧ್ಯಾಯದಲ್ಲೂ ಹಾಗೆಯೇ ಬರೆದಿದ್ದರು. ನನ್ನ ಜೊತೆಗಿದ್ದ ತೀರ್ಪುಗಾರರು ವಯರಿನ ಸಂಪರ್ಕ ಸಡಿಲವಿರಬೇಕೆಂದರು. ನಾನೂ ತಲೆಯಾಡಿಸಿದೆ. ಆ ತಂಡಕ್ಕೆ ಕಡಿಮೆ ಅಂಕ ಬಿತ್ತು.

ಬಸ್ಸಿನಲ್ಲಿ ಮಾಡಿದ ಲೆಕ್ಕ

ಸಂಜೆ ಬಸ್ಸಿನಲ್ಲಿ ಬರುವಾಗ ಆ ಒಂಬತ್ತು ಗಂಟೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸಂಪರ್ಕ ಸಡಿಲವಿದ್ದರೆ ಅಂಕಿಗಳು ಅಡ್ಡಾದಿಡ್ಡಿ ಬರಬೇಕು. ಏಳು ದಿನವೂ ಅದೇ ಹೊತ್ತಿಗೆ ಏರಿ, ಅದೇ ಹೊತ್ತಿಗೆ ಇಳಿಯುವುದಿಲ್ಲ. ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ಮೇಲ್ಮೈಯ ಶಾಖ ಕಲ್ಲಿನೊಳಗೆ ಅಲೆಯಂತೆ ಇಳಿಯುತ್ತದೆ. ಇಳಿಯುತ್ತಾ ಅದರ ಏರಿಳಿತ ಕುಗ್ಗುತ್ತದೆ, ಜೊತೆಗೆ ತಡವೂ ಆಗುತ್ತದೆ. ಕುಗ್ಗುವಿಕೆ ಮತ್ತು ತಡ ಎಷ್ಟು ಎಂಬುದನ್ನು ಕಲ್ಲಿನ ಒಂದು ಗುಣ ನಿರ್ಧರಿಸುತ್ತದೆ. ಅದನ್ನು ಉಷ್ಣ ವಿಸರಣಾಂಕ ಎನ್ನುತ್ತೇವೆ. ಮರಳುಗಲ್ಲಿಗೆ ಇದು ಸೆಕೆಂಡಿಗೆ ಸುಮಾರು 1 ಚದರ ಮಿಲಿಮೀಟರ್. ದಿನಕ್ಕೊಮ್ಮೆ ಏರಿಳಿಯುವ ಶಾಖಕ್ಕೆ ಈ ಬೆಲೆಯನ್ನು ಬಳಸಿದರೆ, ಪ್ರತಿ 16-17 ಸೆಂಟಿಮೀಟರ್ ಆಳಕ್ಕೆ ಏರಿಳಿತ ಶೇಕಡಾ 37ಕ್ಕೆ ಇಳಿಯುತ್ತದೆ ಮತ್ತು ಸುಮಾರು 3.8 ಗಂಟೆ ತಡವಾಗುತ್ತದೆ. ಹಾಗಾದರೆ 30 ಸೆಂಟಿಮೀಟರ್, ಅಂದರೆ ಒಂದಡಿ ಆಳದಲ್ಲಿ? ಏರಿಳಿತ ಮೇಲ್ಮೈಯದರ ಆರನೆಯ ಒಂದು ಭಾಗ. ತಡ ಸುಮಾರು 7 ಗಂಟೆ. ಮಧ್ಯಾಹ್ನ ಎರಡಕ್ಕೆ ಏಳು ಕೂಡಿಸಿದರೆ ರಾತ್ರಿ ಒಂಬತ್ತು.

ಸಂವೇದಕ ಕೆಟ್ಟಿರಲಿಲ್ಲ. ಆ ನಾಲ್ವರು ಸರಿಯಾಗಿಯೇ ಅಳೆದಿದ್ದರು. ಅಳೆದದ್ದು ಏನೆಂದು ಅವರಿಗೂ ಗೊತ್ತಾಗಲಿಲ್ಲ, ಅವರ ಮಾರ್ಗದರ್ಶಕರಿಗೂ ಗೊತ್ತಾಗಲಿಲ್ಲ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನನಗೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಇದೇನು ಹೊಸ ಭೌತಶಾಸ್ತ್ರವೂ ಅಲ್ಲ. ಶಾಖದ ಹರಿವನ್ನು ಕುರಿತ ಫೂರ್ಯೆಯ ಗ್ರಂಥ 1822ರಷ್ಟು ಹಳೆಯದು. ಸ್ಕಾಟ್ಲೆಂಡಿನ ಜೇಮ್ಸ್ ಡೇವಿಡ್ ಫೋರ್ಬ್ಸ್ 1837ರಲ್ಲಿ ಎಡಿನ್‌ಬರೋ ನಗರದ ಮೂರು ಕಡೆ ನೆಲದೊಳಗೆ ಬೇರೆ ಬೇರೆ ಆಳಗಳಲ್ಲಿ ಉಷ್ಣತಾಮಾಪಕಗಳನ್ನು ಇಳಿಸಿದ್ದ. ಅವುಗಳಲ್ಲಿ ಒಂದು ಸ್ಥಳ ಮರಳುಗಲ್ಲಿನ ಗಣಿ. ಆ ಅಳತೆಗಳನ್ನು ಬಳಸಿಯೇ ಮುಂದೆ ಕೆಲ್ವಿನ್ ನೆಲದ ಶಾಖವಾಹಕತೆಯನ್ನು ಲೆಕ್ಕ ಹಾಕಿದ. ನಮ್ಮ ಹುಡುಗರು ತಿಳಿಯದೆಯೇ ಅದೇ ಪ್ರಯೋಗವನ್ನು ತಮ್ಮೂರಿನ ಕಟ್ಟೆಯ ಮೇಲೆ ಮಾಡಿದ್ದರು, ಸರಿಯಾದ ಉತ್ತರವನ್ನೂ ಪಡೆದಿದ್ದರು. ನಾವು ಅದನ್ನು ವಿಫಲ ಎಂದೆವು.

ಐಹೊಳೆ ಎಂಬ ಪ್ರಯೋಗಶಾಲೆ

ಅವರ ವರದಿಯಲ್ಲಿ ದೋಷಗಳೇ ಇರಲಿಲ್ಲವೆಂದಲ್ಲ. ಮೊದಲ ಅಧ್ಯಾಯ ಎಲ್ಲಿಂದಲೋ ಎತ್ತಿ ಹಾಕಿದಂತಿತ್ತು. ಐಹೊಳೆ ಭಾರತೀಯ ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು ಮತ್ತು ಪ್ರಯೋಗಶಾಲೆ. ಲಾಡಖಾನ್ ಗುಡಿ ಕ್ರಿ.ಶ. 450ರದು, ದುರ್ಗಾ ಗುಡಿ ಬೌದ್ಧ ಚೈತ್ಯವನ್ನು ಅನುಸರಿಸಿ ಕಟ್ಟಿದ್ದು. ಪ್ರವಾಸಿ ಪುಸ್ತಿಕೆಗಳಲ್ಲಿ ನಾವೆಲ್ಲ ಓದಿದ ವಾಕ್ಯಗಳೇ ಇವು.

ಇವುಗಳಲ್ಲಿ ಎಷ್ಟು ನಿಲ್ಲುತ್ತವೆ? ಲಾಡಖಾನ್ ಗುಡಿಗೆ ಐದನೆಯ ಶತಮಾನದ ಕಾಲವನ್ನು ಸೂಚಿಸಿದವರು ಇಪ್ಪತ್ತನೆಯ ಶತಮಾನದ ಆರಂಭದ ಪುರಾತತ್ತ್ವಜ್ಞ ಹೆನ್ರಿ ಕಸೆನ್ಸ್. ಅದರ ಚಾವಣಿಯ ಇಳಿಜಾರು ಚಪ್ಪಡಿಗಳನ್ನೂ, ಸಂದುಗಳ ಮೇಲೆ ಕೂರಿಸಿದ ಉದ್ದನೆಯ ಕಲ್ಲುಪಟ್ಟಿಗಳನ್ನೂ ನೋಡಿದರೆ ಮರದ ಕಟ್ಟಡದ ನೆನಪಾಗುವುದು ನಿಜ. ಆದರೆ ಮರದಂತೆ ಕಾಣುವುದೆಲ್ಲ ಹಳೆಯದೇ ಆಗಬೇಕಿಲ್ಲ. ನಂತರದ ವಿದ್ವಾಂಸರು ಈ ಗುಡಿಯನ್ನು ಏಳು-ಎಂಟನೆಯ ಶತಮಾನಕ್ಕೆ ತಂದಿದ್ದಾರೆ. ದುರ್ಗಾ ಗುಡಿಯ ಹೆಸರು ದೇವಿಯಿಂದ ಬಂದುದಲ್ಲ, ಅದನ್ನು ಸೇರಿಸಿಕೊಂಡಿದ್ದ ಕೋಟೆಯಿಂದ, ಅಂದರೆ ದುರ್ಗದಿಂದ ಬಂದದ್ದು. ಅದರ ಹಿಂಭಾಗ ಗಜಪೃಷ್ಠಾಕಾರದಲ್ಲಿ ಇರುವುದರಿಂದ ಬೌದ್ಧ ಚೈತ್ಯದಿಂದ ಹಿಂದೂ ದೇವಾಲಯಕ್ಕೆ ಹಾದುಬಂದ ಕೊಂಡಿ ಅದು ಎಂಬ ಮಾತು ಹುಟ್ಟಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರೀಕ್ಷಿಸದೆ ಮುಂದುವರಿಸುತ್ತಾ ಬಂದ ಬಗೆಯನ್ನು ಗ್ಯಾರಿ ಟಾರ್ಟಕೋವ್ 1997ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರವಾಗಿ ಬಿಡಿಸಿಟ್ಟಿದ್ದಾರೆ. ಒಂದೇ ಗುಡಿಯ ಬಗ್ಗೆ ಇಡೀ ಪುಸ್ತಕ!

ನಾನು ಶಿಲ್ಪಶಾಸ್ತ್ರ ಬಲ್ಲವನಲ್ಲ. ಆದರೆ ಇದು ನಮ್ಮ ಪ್ರಾಜೆಕ್ಟ್ ವರದಿಗಳ 'ಸಾಹಿತ್ಯ ಸಮೀಕ್ಷೆ' ಎಂಬ ಅಧ್ಯಾಯಕ್ಕೂ ಅನ್ವಯಿಸುವ ಪಾಠ. ಹದಿನೈದು ಪ್ರಬಂಧಗಳ ಸಾರಾಂಶವನ್ನು ಸಾಲಾಗಿ ಜೋಡಿಸುವುದು ಸಮೀಕ್ಷೆಯಲ್ಲ. ಯಾರು ಏನನ್ನು ಅಳೆದರು, ಯಾರ ಮಾತನ್ನು ಯಾರು ಒಪ್ಪಲಿಲ್ಲ, ನಾವು ಅಳೆಯಬೇಕಾದದ್ದು ಏನು ಉಳಿದಿದೆ ಎಂಬುದನ್ನು ಹೇಳಬೇಕು. ನಾಲ್ಕೇ ಪ್ರಬಂಧ ಓದಲಿ, ಜಗಳವಾಡುತ್ತಾ ಓದಲಿ. ಆ ತಂಡ ಐಹೊಳೆಯ ಇತಿಹಾಸಕ್ಕೆ ಕೊಟ್ಟ ಹತ್ತು ಪುಟಗಳ ಬದಲು ಕಲ್ಲಿನಲ್ಲಿ ಶಾಖದ ಹರಿವಿನ ಬಗ್ಗೆ ಎರಡು ಪುಟ ಓದಿದ್ದರೆ ತಮ್ಮ ಫಲಿತಾಂಶವನ್ನು ತಾವೇ ಗುರುತಿಸುತ್ತಿದ್ದರು.

ಇಪ್ಪತ್ತು ವಾರಗಳ ಲೆಕ್ಕ

ಪ್ರಾಜೆಕ್ಟ್‌ಗೆ ಒಂದು ವರ್ಷವಿದೆ ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಪರೀಕ್ಷೆ, ಕಿರುಪರೀಕ್ಷೆ, ರಜೆ, ಕಾಲೇಜು ಉತ್ಸವ, ಕೆಲಸದ ಸಂದರ್ಶನ ಇವನ್ನೆಲ್ಲ ಕಳೆದರೆ ನನ್ನ ಅನುಭವದಲ್ಲಿ ಉಳಿಯುವುದು ಇಪ್ಪತ್ತು ವಾರ. ಅದನ್ನು ಹೀಗೆ ಹಂಚಬಹುದು: ಪ್ರಶ್ನೆಯನ್ನು ಖಚಿತಪಡಿಸಲು 3 ವಾರ, ಕಾಗದದ ಮೇಲೆ ಅಂದಾಜು ಲೆಕ್ಕ ಮಾಡಲು 2, ಉಪಕರಣ ತರಿಸಿ ಜೋಡಿಸಲು 3, ಉಪಕರಣವನ್ನು ಪರೀಕ್ಷಿಸಲು 2, ಅಳತೆಗೆ 5, ಕೆಟ್ಟದ್ದನ್ನು ಸರಿಪಡಿಸಿ ಮತ್ತೆ ಅಳೆಯಲು 2, ಬರೆಯಲು 3. ಸಾಮಾನ್ಯವಾಗಿ ನಮ್ಮಲ್ಲಿ ಉಪಕರಣ ಕೊಳ್ಳುವುದರಿಂದಲೇ ಕೆಲಸ ಶುರುವಾಗುತ್ತದೆ. ಮೊದಲ ಐದು ವಾರಗಳ ಕೆಲಸ ನಡೆಯುವುದೇ ಇಲ್ಲ. 'ಮತ್ತೆ ಅಳೆಯಲು' ಎಂಬ ಎರಡು ವಾರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಪ್ರಶ್ನೆ ಖಚಿತವಾಗುವುದು ಎಂದರೇನು? 'ಐಹೊಳೆಯ ಸ್ಮಾರಕಗಳ ಸಂರಕ್ಷಣೆ' ಎಂಬುದು ಪ್ರಶ್ನೆಯಲ್ಲ, ಅದೊಂದು ಇಲಾಖೆಯ ಕೆಲಸ. 'ಬಿಸಿಲಿಗೆ ಮರಳುಗಲ್ಲಿನ ಚಪ್ಪಡಿ ಎಷ್ಟು ಹಿಗ್ಗುತ್ತದೆ?' ಎಂಬುದು ಪ್ರಶ್ನೆ. ಅದಕ್ಕೆ ಅಂಕಿಯಲ್ಲಿ ಉತ್ತರ ಕೊಡಬಹುದು.

ಅಂದಾಜು ಲೆಕ್ಕ ಏಕೆ ಬೇಕು? ಮೂರು ಮೀಟರ್ ಉದ್ದದ ಚಪ್ಪಡಿಯ ಉಷ್ಣತೆ 30 ಡಿಗ್ರಿ ಏರಿತೆಂದು ಇಟ್ಟುಕೊಳ್ಳೋಣ. ಮರಳುಗಲ್ಲು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. ಗುಣಿಸಿದರೆ ಒಟ್ಟು ಹಿಗ್ಗುವಿಕೆ ಸುಮಾರು 1 ಮಿಲಿಮೀಟರ್. ಅಳತೆಪಟ್ಟಿ ಇದಕ್ಕೆ ಸಾಲದು. ನೂರರಲ್ಲಿ ಒಂದು ಮಿಲಿಮೀಟರನ್ನು ತೋರಿಸುವ ಡಯಲ್ ಗೇಜ್ ಸಾಕು. ಅದು ಪ್ರತಿಯೊಂದು ಮೆಕ್ಯಾನಿಕಲ್ ಪ್ರಯೋಗಾಲಯದಲ್ಲಿ ಇದೆ. ಸಾವಿರಾರು ರೂಪಾಯಿಯ ಲೇಸರ್ ಉಪಕರಣ ಬೇಡ. ಐದು ನಿಮಿಷದ ಈ ಲೆಕ್ಕ ಹಣವನ್ನೂ ಉಳಿಸುತ್ತದೆ, ಎರಡು ತಿಂಗಳನ್ನೂ ಉಳಿಸುತ್ತದೆ. ಮೇಲಿನ ಮೈ ಕಾದು ಒಳಗಿನದು ಏಳು ಗಂಟೆ ಹಿಂದೆ ಬಿದ್ದಾಗ ಇಡೀ ಚಪ್ಪಡಿ ಒಂದೇ ಸಮ ಹಿಗ್ಗುವುದಿಲ್ಲ, ಹೊರಪದರ ಮತ್ತು ಒಳಪದರಗಳ ನಡುವೆ ಎಳೆದಾಟ ನಡೆಯುತ್ತದೆ ಎಂಬುದು ಇದರ ಮುಂದಿನ ಹೆಜ್ಜೆ. ಆ ತಂಡದ ನೋಟುಬುಕ್ಕಿನಲ್ಲಿ ಇದಕ್ಕೆ ಬೇಕಾದ ಅಂಕಿಗಳೆಲ್ಲ ಇದ್ದವು.

ಅನುಮತಿಯ ಮಾತು. ಐಹೊಳೆಯ ಪ್ರಮುಖ ಗುಡಿಗಳು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ಸಂರಕ್ಷಿತವಾದವು. ಪತ್ರ ಬರೆದು ಉತ್ತರಕ್ಕೆ ಕಾಯುವುದರಲ್ಲೇ ಒಂದು ಸೆಮಿಸ್ಟರ್ ಕಳೆಯಬಹುದು. ಕಟ್ಟೆಯ ಕಲ್ಲನ್ನು ಆರಿಸಿಕೊಂಡ ಆ ವಿದ್ಯಾರ್ಥಿಗಳು ಯೋಜನೆ ಮಾಡುವುದನ್ನು ಬಲ್ಲವರಾಗಿದ್ದರು. ಅದಕ್ಕೂ ನಾವು ಅಂಕ ಕೊಡಲಿಲ್ಲ.

ಅಂಕಿಯೂ ಅಳತೆಯೂ

ಈಗಿನ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಾಗಿ ಕಾಣುವ ಉಷ್ಣತಾ ಸಂವೇದಕ ಡಿಎಸ್ 18ಬಿ20 ಎಂಬ ಪುಟ್ಟ ಬಿಡಿಭಾಗ. ಇದು ಉಷ್ಣತೆಯನ್ನು 0.0625 ಡಿಗ್ರಿಯ ಮೆಟ್ಟಿಲುಗಳಲ್ಲಿ ತೋರಿಸಬಲ್ಲದು. ಆದ್ದರಿಂದ ವರದಿಗಳಲ್ಲಿ 41.3125 ಡಿಗ್ರಿ ಎಂದು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಬರೆದಿರುತ್ತಾರೆ. ಆದರೆ ತಯಾರಕರೇ ಹೇಳುವಂತೆ ಅದರ ನಿಖರತೆ ಅರ್ಧ ಡಿಗ್ರಿ ಹೆಚ್ಚು-ಕಡಿಮೆ. ತೋರಿಸುವ ಅಂಕಿಗೂ ನಂಬಬಹುದಾದ ಅಂಕಿಗೂ ಇರುವ ಅಂತರ ಇದು. ಈ ಅಂತರ ತಿಳಿಯದೆ ಪದವಿ ಪಡೆದವನು ನಾಳೆ ಸೇತುವೆಯ ಬಿರುಕನ್ನೂ ರೋಗಿಯ ಜ್ವರವನ್ನೂ ಅಳೆಯುವ ಯಂತ್ರಗಳನ್ನು ರೂಪಿಸುತ್ತಾನೆ.

ಪರೀಕ್ಷಿಸುವ ಬಗೆ ಸುಲಭ. ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಇಟ್ಟರೆ ಸೊನ್ನೆ ಬರಬೇಕು. ಕುದಿಯುವ ನೀರಿನಲ್ಲಿ? ನೂರು ಎಂದು ಎಲ್ಲರೂ ಹೇಳುತ್ತಾರೆ. ಬಾಗಲಕೋಟೆ, ಐಹೊಳೆಗಳು ಸಮುದ್ರಮಟ್ಟಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿವೆ. ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. 98 ತೋರಿಸಿದ ಸಂವೇದಕವನ್ನು ಕೆಟ್ಟದ್ದೆಂದು ಎಸೆದವರನ್ನು ನಾನು ಕಂಡಿದ್ದೇನೆ. ಕಟ್ಟೆಯ ಕಲ್ಲಿನೊಳಗಿನ ಸಂವೇದಕಕ್ಕೂ ಇದೇ ಗತಿಯಾಯಿತು. ಉಪಕರಣ ಸರಿಯಿದೆ ಎಂದು ಮೊದಲೇ ಪರೀಕ್ಷಿಸಿದ್ದರೆ, ಅನಿರೀಕ್ಷಿತ ಅಂಕಿ ಬಂದಾಗ ಆ ಹುಡುಗಿ ತಲೆ ತಗ್ಗಿಸಬೇಕಾಗಿರಲಿಲ್ಲ. ಉಪಕರಣ ಸರಿಯಿದೆ, ಆದ್ದರಿಂದ ಕಲ್ಲೇ ಏನನ್ನೋ ಹೇಳುತ್ತಿದೆ ಎಂದು ವಾದಿಸಬಹುದಿತ್ತು.

ಪ್ರದರ್ಶನ ಮತ್ತು ತೀರ್ಪು

ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಬೆಂಬಲ ಇಲ್ಲವೆನ್ನುವಂತಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಈ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ನಡೆಸುತ್ತಾ ಬಂದಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳಿಂದ ಸಾರಲೇಖ ತರಿಸಿಕೊಂಡು, ಆಯ್ದವಕ್ಕೆ ಧನಸಹಾಯ ಕೊಟ್ಟು, ನಡುವೆ ತಜ್ಞರಿಂದ ಪರಿಶೀಲಿಸಿ, ಕೊನೆಗೆ ರಾಜ್ಯಮಟ್ಟದ ವಿಚಾರಸಂಕಿರಣ ಮತ್ತು ಪ್ರದರ್ಶನ ಏರ್ಪಡಿಸುವ ಕ್ರಮವಿದು. ಕೆಲಸ ಶುರುವಾಗುವ ಮುನ್ನವೇ ಬರೆದು ಕೊಡಬೇಕು ಮತ್ತು ನಡುವೆ ಒಬ್ಬರು ಬಂದು ನೋಡುತ್ತಾರೆ ಎಂಬ ಎರಡು ಅಂಶಗಳೇ ಇದರ ಬಲ. ನಮ್ಮ ಕಾಲೇಜುಗಳು ತಮ್ಮ ಎಲ್ಲ ಪ್ರಾಜೆಕ್ಟ್‌ಗಳಿಗೂ ಇವನ್ನು ಅಳವಡಿಸಿಕೊಳ್ಳಬಹುದು. ಇದಕ್ಕೆ ಹಣ ಬೇಕಿಲ್ಲ.

ಪ್ರದರ್ಶನದ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಎಲ್ಲಿಯೇ ಆಗಲಿ, ಮೇಜಿನ ಮೇಲೆ ಇಟ್ಟು ತೋರಿಸುವ ಪದ್ಧತಿಯಲ್ಲಿ ಓಡುವ, ಬೆಳಗುವ, ಸದ್ದು ಮಾಡುವ ವಸ್ತುವಿಗೆ ಮೇಲುಗೈ. ಏಳು ದಿನ ಗಂಟೆಗೊಮ್ಮೆ ಎದ್ದು ಬರೆದ ನೋಟುಬುಕ್ಕು ಓಡುವುದಿಲ್ಲ, ಬೆಳಗುವುದಿಲ್ಲ. ಒಂದು ತಂಡಕ್ಕೆ ನಾವು ಕೊಡುವುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಪೆಟ್ಟಿಗೆಯನ್ನು ನೋಡಬಹುದು, ನೋಟುಬುಕ್ಕನ್ನು ಓದಲಾಗುವುದಿಲ್ಲ. ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳು ಹುಟ್ಟಿಕೊಂಡಿರುವುದು ನಾವು ಮಾಡಿಟ್ಟ ಈ ಸಂದಿಯಲ್ಲೇ. ಅಂಗಡಿಯವನು ಪೆಟ್ಟಿಗೆ ಮಾರಬಲ್ಲ, ಮುದ್ರಿತ ವರದಿಯನ್ನೂ ಮಾರಬಲ್ಲ. ತಪ್ಪು ಹೊಡೆದು ತಿದ್ದಿದ, ದಿನಾಂಕ ಹಾಕಿದ, ನಾಲ್ಕು ಜನರ ಕೈಬರಹವಿರುವ ನೋಟುಬುಕ್ಕನ್ನು ಮಾರುವುದು ಕಷ್ಟ.

ತೀರ್ಪುಗಾರರು ನಾಲ್ಕು ಪ್ರಶ್ನೆಗಳನ್ನು ಕಡ್ಡಾಯವಾಗಿ ಕೇಳಬೇಕೆಂದು ನನ್ನ ಸಲಹೆ. ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಹೇಳಿ. ಉತ್ತರ ಎಷ್ಟು ಬರಬಹುದೆಂದು ಮೊದಲೇ ಅಂದಾಜು ಮಾಡಿದ್ದಿರಾ, ಎಷ್ಟು? ಉಪಕರಣವನ್ನು ಹೇಗೆ ಪರೀಕ್ಷಿಸಿದಿರಿ? ಅಂದುಕೊಂಡದ್ದಕ್ಕಿಂತ ಬೇರೆ ಏನು ಕಂಡಿತು, ಅದನ್ನು ಏನು ಮಾಡಿದಿರಿ? ಕೊನೆಯ ಪ್ರಶ್ನೆಗೆ ಅರ್ಧದಷ್ಟು ಅಂಕವಿರಲಿ. ಪ್ರದರ್ಶನದ ಹಿಂದಿನ ದಿನವೇ ನೋಟುಬುಕ್ಕುಗಳು ತೀರ್ಪುಗಾರರ ಕೈಗೆ ಬರಲಿ.

ಮೇಗುಟಿಯ ಕಲ್ಲು

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಹೆಚ್ಚಿನವುಗಳ ಕಾಲವನ್ನು ಶೈಲಿ ನೋಡಿ ಊಹಿಸುತ್ತಾರೆ, ಊಹೆಗಳು ನೂರಿನ್ನೂರು ವರ್ಷ ಆಚೀಚೆ ಆಗುತ್ತವೆ. ಗುಡ್ಡದ ಮೇಲಿನ ಮೇಗುಟಿ ಜಿನಾಲಯದ ವಿಷಯದಲ್ಲಿ ಈ ಗೊಂದಲವಿಲ್ಲ. ಅದರ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಕಾಲದ ಶಾಸನವಿದೆ. ಕಟ್ಟಿಸಿದವನು ರವಿಕೀರ್ತಿ ಎಂದೂ ಅದರಲ್ಲಿದೆ, ಕಾಲವೂ ಇದೆ. ಕಾಲವನ್ನು ಭಾರತ ಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡು ಎಣಿಕೆಗಳಲ್ಲಿ ಕೊಟ್ಟಿದ್ದಾನೆ. ಅಂದರೆ ಕ್ರಿ.ಶ. 634-35. ಲಾಡಖಾನ್ ಗುಡಿ, ದುರ್ಗಾ ಗುಡಿಗಳು ಮೇಗುಟಿಗಿಂತ ಹೆಚ್ಚು ಪ್ರಸಿದ್ಧ, ನೋಡಲೂ ಚೆಂದ. ಆದರೆ ಚಾಲುಕ್ಯ ಶಿಲ್ಪದ ಕಾಲಾನುಕ್ರಮವನ್ನು ಕಟ್ಟುವವರು ಮೊದಲು ಕೈ ಊರುವುದು ಮೇಗುಟಿಯ ಮೇಲೆ. ಏಕೆಂದರೆ ಅಲ್ಲಿ ದಾಖಲೆಯಿದೆ.

ಪ್ರಾಜೆಕ್ಟ್ ವರದಿಗೂ ಇಷ್ಟೇ ಸಾಕು. ಯಾರು, ಯಾವಾಗ, ಏನು ಮಾಡಿದರು, ಏನು ಕಂಡರು ಎಂಬುದು ಇರಲಿ.

ಮರುದಿನ ನಾನು ಆ ಕಾಲೇಜಿಗೆ ಫೋನ್ ಮಾಡಿದೆ. ಅಂಕಗಳು ಆಗಲೇ ಹೋಗಿಬಿಟ್ಟಿದ್ದವು, ತಿದ್ದುವ ಅವಕಾಶ ಇರಲಿಲ್ಲ. ವಿದ್ಯಾರ್ಥಿಗಳ ಜೊತೆ ಮಾತಾಡಬೇಕೆಂದು ಕೇಳಿಕೊಂಡೆ. ಫೋನಿಗೆ ಬಂದವಳು ಅದೇ ಹುಡುಗಿ. ಲೆಕ್ಕವನ್ನು ಹಂತಹಂತವಾಗಿ ಹೇಳಿದೆ. ಅತ್ತ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದಳು. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮ ರೀಡಿಂಗ್ ಸರಿ ಇದ್ದುವೇನ್ರಿ ಸರ್?" ಎಂದಳು.

ಸರಿಯಿದ್ದವು, ನಮ್ಮ ತೀರ್ಪು ತಪ್ಪಿತ್ತು ಎಂದೆ. ನೋಟುಬುಕ್ಕನ್ನು ಎಸೆಯಬೇಡಿ ಎಂದೂ ಹೇಳಿದೆ. ಅಂದಿನಿಂದ ಯಾವ ಪ್ರಾಜೆಕ್ಟ್ ಮೌಲ್ಯಮಾಪನಕ್ಕೆ ಹೋದರೂ ಪೆಟ್ಟಿಗೆಯ ಸ್ವಿಚ್ಚು ಹಾಕುವ ಮುಂಚೆ ನೋಟುಬುಕ್ಕು ಕೇಳುತ್ತೇನೆ. ಈ ಪತ್ರಿಕೆಯನ್ನು ಓದುವ ಅಧ್ಯಾಪಕ ಮಿತ್ರರೂ ಹಾಗೆಯೇ ಮಾಡಿದರೆ, ಮುಂದಿನ ವರ್ಷ ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಕೂತು ಗಂಟೆಗೊಮ್ಮೆ ಅಂಕಿ ಬರೆಯುವ ವಿದ್ಯಾರ್ಥಿಗೆ ನ್ಯಾಯ ಸಿಕ್ಕೀತು.